ಹುಳ ತಿಂದ ಎಲೆ

ಮೆಟ್ಟಿಲು ಹತ್ತುವಾಗಲೇ ಅಪ್ಪ ಪದ್ಯ ಗುನುಗುವುದು ಕೇಳಿಸಿತು. ಕೈಯಲ್ಲಿ ಕೆಲಸ ಹಸನಾಗಿ ಕೂತಾಗ ಮಾತ್ರ ಅವರ ಗಂಟಲಿನಿಂದ ಪದ್ಯ ಹೊರಡುತ್ತದೆ. ಕಾರ್ಖಾನೆಯ ಕೆಲಸ ಬಿಟ್ಟು ನನ್ನ ಜೊತೆ ಇರಲು ಬಂದ ಮೇಲೆ ಒಮ್ಮೆಯೂ ಹೊರಟಿರಲಿಲ್ಲ. ಅದಕ್ಕೇ ಮೊದಲು ನನಗೆ ಸಂತೋಷವಾಯಿತು. ಇನ್ನೆರಡು ಮೆಟ್ಟಿಲು ಏರಿದಾಗ ಪದ್ಯದ ಕೆಳಗಿದ್ದ ಸದ್ದೂ ಕೇಳಿತು. ಪಾಲಿಶ್ ಚಕ್ರ ತಿರುಗುತ್ತಿತ್ತು.

ಆ ಚಕ್ರವನ್ನು ನಾನು ಮುಟ್ಟುವುದಿಲ್ಲ. ನನಗಿಂತ ಮೊದಲು ಈ ಕೆಲಸದ ಕೋಣೆಯಲ್ಲಿದ್ದವನು ಬಿಟ್ಟುಹೋದದ್ದು. ಹಳೆಯ ಬಟ್ಟೆ ಹೊದ್ದು ಮೂಲೆಯಲ್ಲಿ ಕೂತಿರುತ್ತದೆ. ಆದರೆ ಕೆಲಸ ಕಲಿಯುವಾಗ ಕೇಳಿ ಕೇಳಿ ಅಂಥ ಚಕ್ರದ ದನಿ ನನಗೆ ಗೊತ್ತು. ಬಳೆ ಕೊಟ್ಟರೆ ಗುಮ್ಮೆನ್ನುತ್ತದೆ, ಉಂಗುರ ಕೊಟ್ಟರೆ ಕಿರ್ರೆನ್ನುತ್ತದೆ. ಈಗ ಬರುತ್ತಿದ್ದ ದನಿ ಎರಡೂ ಅಲ್ಲ. ತೆಳ್ಳಗಿನ ಅಗಲವಾದ ವಸ್ತುವಿನ ನಡುಗುವ ದನಿ. ನನ್ನ ಮೇಜಿನ ಮೇಲೆ ತೆಳ್ಳಗೆ ಅಗಲವಾಗಿದ್ದದ್ದು ಒಂದೇ ಒಂದು.

ಓಡಿ ಬಾಗಿಲು ತಳ್ಳಿದೆ.

"ಬಂದ್ಯಾ ಗುಬ್ಬಿ? ಬಾ, ನೋಡು ಬಾ" ಎಂದು ಅಪ್ಪ ಚಕ್ರ ನಿಲ್ಲಿಸಿದರು. ಕೈಯಲ್ಲಿದ್ದದ್ದನ್ನು ಅಂಗಿಯ ಅಂಚಿಗೆ ಒರೆಸಿ, ತೊಟ್ಟನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು, ಬಲ್ಬಿಗೆ ಎತ್ತಿ ತೋರಿಸಿದರು. "ಒಂದು ಚುಕ್ಕಿ ಬೆಳಕು ಆಚೆ ಬರಲ್ಲ ಈಗ."

ಅದು ಎಲೆ. ನಾನು ಬೆಳ್ಳಿಯಲ್ಲಿ ಎರಕ ಹೊಯ್ದಿದ್ದ, ಹುಳ ತಿಂದ ಎಲೆ. ಈಗ ಅದರಲ್ಲಿ ಹುಳವೂ ಇರಲಿಲ್ಲ, ಎಲೆಯೂ ಇರಲಿಲ್ಲ. ತೂತುಗಳೆಲ್ಲ ತುಂಬಿದ್ದವು, ನರಗಳೆಲ್ಲ ಸವೆದಿದ್ದವು, ಮೈ ಕನ್ನಡಿಯಂತಾಗಿತ್ತು. ಅದರೊಳಗೆ ನನ್ನ ಬಾಯಿ ತೆರೆದ ಮುಖ ಸೊಟ್ಟಗೆ ಕಾಣುತ್ತಿತ್ತು.

ನನ್ನ ಕೆಲಸವೇನೆಂದು ಇಲ್ಲೇ ಹೇಳಬೇಕು, ಇಲ್ಲವಾದರೆ ನನ್ನ ಸಿಟ್ಟು ಹುಚ್ಚಿಯ ಸಿಟ್ಟಿನಂತೆ ಕಂಡೀತು. ನಾನು ಯಾವ ಅಂಗಡಿಗೂ ದುಡಿಯುವವಳಲ್ಲ. ದಾರಿಯಲ್ಲಿ ಉದುರಿದ ಎಲೆ, ಒಡೆದ ಬೀಜದ ಸಿಪ್ಪೆ, ಜೀರುಂಡೆ ಕಳಚಿ ಹೋದ ಪೊರೆ, ಇಂಥವನ್ನು ಆರಿಸಿ ತಂದು ಒಡವೆ ಮಾಡುತ್ತೇನೆ. ಅವನ್ನು ನೋಡಿಕೊಂಡು ಕೆತ್ತುವುದಲ್ಲ, ಅವನ್ನೇ ಮಾಡುವುದು. ಎಲೆಯ ಒಂದು ಮೈಗೆ ಮೇಣ ಸವರಿ ಗಟ್ಟಿ ಮಾಡಿ, ಪ್ಲಾಸ್ಟರಿನಲ್ಲಿ ಹುದುಗಿಸಿ ಕುಲುಮೆಗೆ ಇಟ್ಟರೆ, ಮೇಣದ ಜೊತೆ ಎಲೆಯೂ ಉರಿದುಹೋಗಿ ಒಳಗೆ ಎಲೆಯ ಆಕಾರದ ಖಾಲಿ ಉಳಿಯುತ್ತದೆ. ಆ ಖಾಲಿಗೆ ಕರಗಿದ ಬೆಳ್ಳಿ ಇಳಿಸುತ್ತೇನೆ. ಪ್ಲಾಸ್ಟರ್ ಒಡೆದಾಗ ನರನರವೂ ಬೆಳ್ಳಿಯಾಗಿ ಬಂದಿರುತ್ತದೆ. ಒಂದು ಎಲೆಗೆ ಒಂದೇ ಒಡವೆ. ರಬ್ಬರ್ ಅಚ್ಚು ತೆಗೆದು ಒಂದನ್ನು ನೂರು ಮಾಡುವ ದಾರಿ ಇದೆ. ಅದನ್ನು ತುಳಿಯುವುದಿಲ್ಲವೆಂಬುದು ನನ್ನ ವ್ರತ. ಬೆಳ್ಳಿ ಇಳಿಸುವ ಮೊದಲು ಕೈಮುಗಿದು ಒಂದೇ ಮಾತು ಬೇಡಿಕೊಳ್ಳುತ್ತೇನೆ: ದೇವರೇ, ಇದ್ದದ್ದು ಇದ್ದ ಹಾಗೆ ಬರಲಿ.

ಈ ಎಲೆ ಇದ್ದದ್ದು ಇದ್ದ ಹಾಗೇ ಬಂದಿತ್ತು.

ಅದನ್ನು ತಂದವಳು ಒಬ್ಬ ಅಜ್ಜಿ. ಕಣ್ಣು ಹೋಗಿ ಬಹಳ ಕಾಲವಾಗಿದೆ. ಅವಳ ಮನೆಯ ಮುಂದೆ ಒಂದು ಮರವಿತ್ತು. ಅದರ ಬುಡದ ಕಟ್ಟೆಯೇ ಅವಳ ಜಾಗ. ಹೊತ್ತು ಹುಟ್ಟುವುದೂ ಮುಳುಗುವುದೂ ಅವಳಿಗೆ ಆ ಎಲೆಗಳ ಸದ್ದಿನಲ್ಲೇ. ರಸ್ತೆ ಅಗಲ ಮಾಡಲು ಮರ ಕಡಿದರು. ಎಲ್ಲವನ್ನೂ ಸಾಗಿಸಿದ ಮೇಲೆ ಅಜ್ಜಿ ಕಟ್ಟೆಯ ಸಂದಿಯಲ್ಲಿ ಕೈಯಾಡಿಸಿ ಒಂದು ಒಣ ಎಲೆ ಎತ್ತಿಕೊಂಡಿದ್ದಳು. ಅದನ್ನು ಕರವಸ್ತ್ರದಲ್ಲಿಟ್ಟು, ಸೊಸೆಯ ತೋಳು ಹಿಡಿದು ನನ್ನ ಮೆಟ್ಟಿಲು ಹತ್ತಿ ಬಂದಳು.

"ದಿನಾ ಮುಟ್ಟಿ ಮುಟ್ಟಿ ಪುಡಿಯಾಗ್ತಿದೆ ಮಗಾ. ಮುಟ್ಟಿದ್ರೆ ಮುರೀದೇ ಇರೋ ಹಾಗೆ ಮಾಡ್ಕೊಡು" ಎಂದಳು. ಆಮೇಲೆ ನನ್ನ ಬೆರಳು ಹಿಡಿದು, ಊರಿಗೆ ಬಂದ ನೆಂಟರನ್ನು ಮನೆಮನೆಗೆ ಕರೆದೊಯ್ದಂತೆ, ಒಂದೊಂದು ತೂತಿನ ಮೇಲೂ ನಡೆಸಿದಳು. "ಇದು ದೊಡ್ಡಪ್ಪಂದು. ಹೊಟ್ಟೆಬಾಕ, ನರಾನೂ ಬಿಟ್ಟಿಲ್ಲ. ಇದು ತಮ್ಮಂದು. ಪಾಪ, ಅರ್ಧ ಊಟಕ್ಕೇ ಎದ್ದು ಹೋಗಿದಾನೆ. ಇಲ್ನೋಡು, ಅಂಚು ಹರಿದು ಹಾಕಿದಾಳಲ್ಲ, ಇವಳು ಜಗಳಗಂಟಿ. ನಮ್ಮತ್ತೆ ಹೀಗೇ ಇದ್ದಳು."

ಸೊಸೆ ನಗಲಿಲ್ಲ. ನಾನು ನಕ್ಕೆ. ಎಲೆಯ ಹಿಂಬದಿಯಲ್ಲಿ ನರಗಳು ಎದ್ದಿರುತ್ತವೆ, ಬೆರಳಿಗೆ ಚೆನ್ನಾಗಿ ಸಿಗುತ್ತವೆ ಎಂದು ಆ ಬದಿಯನ್ನೇ ಮುಖ ಮಾಡಿ, ಮುಂಬದಿಗೆ ಮೇಣ ಸವರಿದೆ. ತೂತಿನ ಅಂಚುಗಳಿಗೆ ಮೇಣ ಹರಿಯದಂತೆ ಒಂದು ಕೂದಲಿನ ಕುಂಚದಿಂದ ತಡೆದೆ. ಬೆಳ್ಳಿ ಬಂದ ಮೇಲೆ ನರಗಳ ಸಂದಿಗೆ ಕಪ್ಪು ಕೊಟ್ಟು, ಒಂದು ಮೈಯನ್ನೂ ಉಜ್ಜದೆ, ಮೇಜಿನ ಮೇಲೆ ಬಟ್ಟೆ ಹಾಸಿ ಮಲಗಿಸಿದ್ದೆ. ಅಜ್ಜಿ ಇವತ್ತು ಬರುವವಳಿದ್ದಳು. ಅವಳು ಬರುವುದರೊಳಗೆ ಬಂದುಬಿಡೋಣವೆಂದು ಬೀಜದ ಸಿಪ್ಪೆ ಆರಿಸಲು ಉದ್ಯಾನಕ್ಕೆ ಹೋಗಿದ್ದೆ.

"ಇದನ್ನ ಯಾಕೆ ಮುಟ್ಟಿದ್ರಿ ಅಪ್ಪಾ?"

"ಯಾಕೆ ಅಂದ್ರೆ? ಜರಡಿ ಆಗಿತ್ತಲ್ಲೇ ಅದು. ಎರಕ ಕೈಕೊಟ್ಟಿದೆ, ಗುಬ್ಬಿ ಬೇಜಾರಲ್ಲಿ ಬಟ್ಟೆ ಮೇಲೆ ಬಿಟ್ಟು ಹೋಗಿದಾಳೆ ಅಂದ್ಕೊಂಡೆ. ಒಂದೊಂದಕ್ಕೂ ಬೆಸುಗೆ ತುಂಬಿದೀನಿ. ಅರ ಹಾಕಿ, ಮರಳು ಕಾಗದ ಹಾಕಿ, ಕಪ್ಪು ಪೂರ್ತಿ ತೆಗೆದು ಮೆರುಗು ಕೊಟ್ಟಿದೀನಿ. ಕೈ ಇನ್ನೂ ಹೋಗಿಲ್ಲ ನೋಡು ನಂದು, ನಡುಗಲೇ ಇಲ್ಲ."

"ಎರಕ ಕೈಕೊಟ್ಟಿರ್ಲಿಲ್ಲ. ಹುಳ ತಿಂದ ತೂತು ಅವು."

ಅಪ್ಪ ಎಲೆಯನ್ನು ನೋಡಿದರು, ನನ್ನನ್ನು ನೋಡಿದರು. "ಹುಳ ತಿಂದಿದ್ದಾ? ಹಾಗಾದ್ರೆ ಇನ್ನೂ ಒಳ್ಳೇದೇ ಆಯ್ತಲ್ಲ. ಹುಳ ತಿಂದಿದ್ದನ್ನ ಯಾರು ಕತ್ತಿಗೆ ಹಾಕ್ಕೋತಾರೆ?"

"ಅದನ್ನ ಕೊಟ್ಟವರು ಹಾಕ್ಕೋತಾರೆ. ತೂತು ಬೇಕು ಅಂತಲೇ ಕೊಟ್ಟಿದ್ದು. ಗಣಪತಿ ಮಾಡು ಅಂದ್ರೆ ಅವರಪ್ಪನ್ನ ಮಾಡಿದ ಅಂತಾರಲ್ಲ, ಇಲ್ಲಿ ಯಾರೂ ಮಾಡು ಅಂತಲೂ ಅಂದಿರ್ಲಿಲ್ಲ ನಿಮಗೆ."

"ಇನ್ನೊಂದು ಎಲೆ ತಂದು ಹೊಯ್ಯಿ. ಬೀದಿ ತುಂಬಾ ಬಿದ್ದಿವೆ."

ಅಲ್ಲಿಗೆ ನನ್ನ ಕಿವಿ ಬಿಸಿಯಾಯಿತು. ನಾನು ದನಿ ಎತ್ತುವವಳಲ್ಲ. ನಮ್ಮಜ್ಜಿ ಪದ್ಯ ಹೇಳುವಾಗ ಮೊಣಕಾಲು ಅಪ್ಪಿಕೊಂಡು ಕೂತು ಬೆಳೆದವಳು. ಪದ್ಯ ಮುಗಿಯುವವರೆಗೆ ಕೆಮ್ಮಲೂಬಾರದು ಎಂಬುದು ಆ ಮನೆಯ ನಿಯಮವಾಗಿತ್ತು. ಹೇಳುವವರನ್ನು ಹೇಳಲು ಬಿಟ್ಟೇ ನನಗೆ ಅಭ್ಯಾಸ. ಅಪ್ಪನೂ ಅದನ್ನೇ ಬಳಸಿಕೊಂಡು ಬಂದವರು. ನಾನು ಸುಮ್ಮನಿದ್ದರೆ ಒಪ್ಪಿದೆನೆಂದು ಅವರ ಲೆಕ್ಕ.

ಅವರು ದುಡಿದದ್ದು ದೊಡ್ಡ ಒಡವೆ ಕಾರ್ಖಾನೆಯಲ್ಲಿ, ತೂತು ಮುಚ್ಚುವ ಮೇಜಿನಲ್ಲಿ. ಎರಕದಲ್ಲಿ ಗಾಳಿ ಸಿಕ್ಕಿಕೊಂಡು ಸೂಜಿ ಮೊನೆಯಷ್ಟು ತೂತು ಬಿದ್ದ ಮಾಲೆಲ್ಲ ಅವರ ಮುಂದೆ ಬರುತ್ತಿತ್ತು. ಅವರು ತುಂಬಿ ಕೊಟ್ಟದ್ದನ್ನು ಮೇಸ್ತ್ರಿ ಬಲ್ಬಿಗೆ ಹಿಡಿದು ನೋಡುತ್ತಿದ್ದ. ಎಲ್ಲಾದರೂ ಬೆಳಕು ಇಣುಕಿದರೆ ಮುಖಕ್ಕೇ ಎಸೆಯುತ್ತಿದ್ದ. ಹಾಗೆ ಎಸೆದ ಒಂದು ಓಲೆಯ ಗುರುತು ಅಪ್ಪನ ಹುಬ್ಬಿನ ಮೇಲೆ ಇನ್ನೂ ಇದೆ. ನನಗದು ಗೊತ್ತು. ಆ ಮೇಸ್ತ್ರಿಯ ಮೇಲೆ ನನಗೆ ಇಂದಿಗೂ ಕುದಿಯುತ್ತದೆ. ಆದರೆ ಅಪ್ಪನಿಗೆ ಅವನ ಮೇಲೆ ಸಿಟ್ಟೇ ಇಲ್ಲ. ಅವನು ಬಲ್ಬಿಗೆ ಹಿಡಿದ ಹಾಗೆಯೇ ಇವರೂ ನನ್ನ ಎಲೆಯನ್ನು ಬಲ್ಬಿಗೆ ಹಿಡಿದಿದ್ದರು.

"ಬೀದೀಲಿ ಬಿದ್ದಿರೋದು ಆ ಮರದ್ದಲ್ಲ" ಎಂದೆ. "ಆ ಮರ ಇಲ್ಲ. ಆ ಎಲೆ ಕುಲುಮೇಲಿ ಬೂದಿ ಆಯ್ತು. ಉಳಿದಿದ್ದು ನಿನ್ನ ಕೈಲಿರೋದು ಒಂದೇ, ಅದನ್ನೂ ನೀನು ತಿಂದೆ. ಹುಳ ಎಷ್ಟೋ ವಾಸಿ. ಹೊಟ್ಟೆಗೆ ಬೇಕಾದಷ್ಟು ತಿಂದು ಬಿಟ್ಟಿತ್ತು."

ಹುಟ್ಟಿದಾಗಿನಿಂದ ಅಪ್ಪನನ್ನು ನೀವು ಎಂದೇ ಕರೆದವಳು. ಬಾಯಿಗೆ ಬಂದ ಏಕವಚನ ನನಗೂ ಕೇಳಿಸಿತು, ಅವರಿಗೂ ಕೇಳಿಸಿತು. ಅಪ್ಪ ಎಲೆಯನ್ನು ಮೇಜಿನ ಮೇಲಿಟ್ಟು ಕೈಯ ಕಪ್ಪನ್ನು ಒರೆಸಿಕೊಳ್ಳತೊಡಗಿದರು.

"ಗರಗಸ ಕೊಡು" ಎಂದರು. "ಎಲ್ಲೆಲ್ಲಿ ಮುಚ್ಚಿದೀನಿ ಅಂತ ನಂಗೆ ನೆನಪಿದೆ. ತೆಗೆದು ಕೊಡ್ತೀನಿ. ತೂತು ತಾನೇ ಬೇಕು ನಿಂಗೆ?"

"ಗರಗಸದ ತೂತು ಹುಳದ ತೂತಾಗುತ್ತಾ?"

"ತೂತು ತೂತೇ. ಅದಕ್ಕೇನು ಜಾತಕ ಇರುತ್ತಾ?"

"ಇರುತ್ತೆ."

"ನಮ್ಮ ಕಾಲದಲ್ಲಿ ತೂತಿನ ಮಾಲು ಕೊಟ್ಟವನಿಗೆ ಛೀಮಾರಿ. ನಿಮ್ಮ ಕಾಲದಲ್ಲಿ ಮುಚ್ಚಿದವನಿಗೆ."

"ಜೀವಮಾನ ಪೂರ್ತಿ ಬೇರೆಯವರ ತೂತು ಮುಚ್ಚಿದ್ದೇ ಆಯ್ತು ನೀನು. ನಿಂದು ಅಂತ ಒಂದು ಒಡವೆ ಮಾಡಿದೀಯಾ? ಒಂದು?"

"ಆ ತೂತು ಮುಚ್ಚಿದ್ದಕ್ಕೇ ನಿನ್ನ ತಟ್ಟೆಗೆ ಅನ್ನ ಬಿದ್ದಿದ್ದು."

ಅನ್ನದ ಮಾತು ಬಂದರೆ ಯಾವ ಮಕ್ಕಳ ಬಾಯಾದರೂ ಮುಚ್ಚುತ್ತದೆ. ನನ್ನದಕ್ಕೂ ಬೆಸುಗೆ ಬಿತ್ತು. ಸಿಟ್ಟಿಗೆ ಮಾತ್ರ ಬೀಳಲಿಲ್ಲ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂದು ನಮ್ಮಜ್ಜಿ ಹೇಳುತ್ತಿದ್ದಳು. ಸಂತೋಷದಲ್ಲಿ, ಪದ್ಯ ಗುನುಗುತ್ತಾ ಕೊಯ್ದ ಮೂಗು ಬರುತ್ತದೆಯೇ ಎಂದು ಅವಳನ್ನು ಯಾರೂ ಕೇಳಿರಲಿಲ್ಲ.

ದೇವರ ಗೂಡಿನಲ್ಲಿದ್ದ ದೀಪದ ಮುಂದೆ ಹೋಗಿ ನಿಂತೆ. ಏನು ಬೇಡಬೇಕೆಂದು ತಿಳಿಯಲಿಲ್ಲ. ಬೇಡಿದ್ದನ್ನು ಆತ ಕೊಟ್ಟಾಗಿತ್ತು. ಕೊಟ್ಟದ್ದನ್ನು ಅಪ್ಪ ತಿದ್ದಿದ್ದರು. ಕೈಮುಗಿಯದೆ ವಾಪಸು ಬಂದೆ.

ಮೆಟ್ಟಿಲ ಮೇಲೆ ಕೋಲಿನ ಸದ್ದಾಯಿತು.

ಮೊದಲು ಒಳಗೆ ಬಂದವಳು ಸೊಸೆ. ಮೇಜಿನ ಮೇಲಿದ್ದದ್ದು ಅವಳ ಕಣ್ಣಿಗೆ ಬಿತ್ತು. "ಅಬ್ಬಾ, ಎಷ್ಟು ಹೊಳೀತಿದೆ. ಆ ತೂತೆಲ್ಲಾ ಹಂಗೇ ಬಂದ್ಬಿಡತ್ತೇನೋ ಅಂತ ಹೆದರಿದ್ದೆ ನಾನು. ನಾಲ್ಕು ಜನ ನೋಡಿದ್ರೆ ಏನಂತಾರೆ, ಅತ್ತೆಗೆ ಹರಕಲು ಪದಕ ಮಾಡಿಸಿದಾಳೆ ಅಂತಾರೆ."

ಅಪ್ಪ ನನ್ನತ್ತ ನೋಡಿದರು, ಕೇಳಿಸಿತೇ ಎಂಬಂತೆ.

ಅಜ್ಜಿ ಇನ್ನೂ ಹೊಸ್ತಿಲಲ್ಲಿ ಕೋಲಿನಿಂದ ನೆಲ ಹುಡುಕುತ್ತಿದ್ದಳು. ನಾನು ಸೊಸೆಯನ್ನು ಕುಲುಮೆಯ ಪಕ್ಕಕ್ಕೆ ಕರೆದು ಆದದ್ದನ್ನು ಎರಡು ಮಾತಿನಲ್ಲಿ ಹೇಳಿದೆ. ಅವಳು ನನ್ನ ಕೈ ಅದುಮಿದಳು. "ಅಯ್ಯೋ, ಹೇಳೋಕೆ ಹೋಗ್ಬೇಡಿ. ಬೆಳ್ಳಿ ಮಾಡಿದ್ರೆ ಹೀಗೇ ಆಗೋದು ಅಂದ್ಬಿಡಿ. ಅವರಿಗೇನು ಕಾಣುತ್ತಾ?"

"ಸರಿಯಾಗಿ ಹೇಳಿದ್ರಿ ತಾಯಿ" ಎಂದರು ಅಪ್ಪ.

ಅವರಿಗೇನು ಕಾಣುತ್ತಾ. ಆ ಮಾತನ್ನು ಕೇಳಿದಾಗ, ಅಲ್ಲಿಯವರೆಗೆ ಅಪ್ಪ ಒಬ್ಬರ ಮೇಲಿದ್ದ ನನ್ನ ಸಿಟ್ಟು ಕೋಣೆಯ ತುಂಬ ಹರಡಿತು. ಇಬ್ಬರೂ ಒಳ್ಳೆಯವರೇ. ಇಬ್ಬರೂ ಯಾರಿಗೂ ಕೆಟ್ಟದ್ದು ಬಯಸಿದವರಲ್ಲ. ಒಳ್ಳೆಯವರು ಸೇರಿ ಒಂದು ಕುರುಡು ಮುದುಕಿಯ ಅಂಗೈಗೆ ಸುಳ್ಳು ಇಡಲು ನಿಂತಿದ್ದರು, ಮತ್ತು ಅದನ್ನು ಇಡಬೇಕಾದ ಕೈ ನನ್ನದು.

"ಏನು ಗುಸುಗುಸು ಅಲ್ಲಿ?" ಎಂದಳು ಅಜ್ಜಿ, ಅಪ್ಪನ ಸ್ಟೂಲನ್ನು ಕೋಲಿನಿಂದ ಪತ್ತೆ ಮಾಡಿ ಕೂರುತ್ತಾ. "ಕಣ್ಣು ಹೋಗಿದೆ. ಕಿವಿ ಎರಡೂ ಇವೆ."

ನಾನು ಅವಳ ಮುಂದೆ ನೆಲದ ಮೇಲೆ ಕೂತೆ. "ಅಜ್ಜಿ, ಕೈಗೆ ಕೊಡೋಕೆ ಮೊದಲು ಹೇಳ್ತೀನಿ. ಎಲೆ ಚೆನ್ನಾಗಿ ಬಂದಿತ್ತು. ದೊಡ್ಡಪ್ಪ, ತಮ್ಮ, ಜಗಳಗಂಟಿ ಎಲ್ಲಾ ಬಂದಿದ್ರು. ನಾನು ಮನೇಲಿ ಇಲ್ಲದಾಗ ಅದನ್ನ ಹಾಳು ಎರಕ ಅಂದ್ಕೊಂಡು ಬೆಸುಗೆ ತುಂಬಿ ಉಜ್ಜಿದಾರೆ. ಈಗ ಅದು ಬರೀ ನುಣುಪು. ಸರಿ ಮಾಡೋಕಾಗಲ್ಲ. ಇನ್ನೊಂದು ಮಾಡೋಕೂ ಆಗಲ್ಲ."

ಸೊಸೆ ನಾಲಿಗೆ ಕಚ್ಚಿಕೊಂಡಳು.

ಅಜ್ಜಿ ಅಂಗೈ ಚಾಚಿದಳು. ಇಟ್ಟೆ. ಅವಳ ಬೆರಳು ತೊಟ್ಟಿನ ಕಡೆಯಿಂದ ಹೊರಟು, ದೊಡ್ಡಪ್ಪನ ಮನೆ ಇರಬೇಕಾದಲ್ಲಿ ನಿಂತು, ಸುತ್ತ ಹುಡುಕಿ, ಮುಂದೆ ಹೋಗಿ, ಮತ್ತೆ ಹಿಂದೆ ಬಂತು. ಊರು ಮುಳುಗಿದ ನೀರಿನ ಮೇಲೆ ದೋಣಿ ಓಡಾಡಿದಂತಿತ್ತು. ನೋಡಲಾಗದೆ ನೆಲ ನೋಡಿದೆ.

"ಚಮಚದ ಹಾಗಿದೆ" ಎಂದಳು ಅಜ್ಜಿ. "ಯಾರು ಉಜ್ಜಿದ್ದು?"

ಅಪ್ಪ ಮುಂದೆ ಬಂದರು. ಅಷ್ಟು ಮಟ್ಟಿಗೆ ಅವರು ಎಂದೂ ಹೇಡಿಯಲ್ಲ. "ನಾನು ತಾಯಿ. ಇವಳ ತಂದೆ."

"ಹುಳಗಳು ನಿಮಗೇನು ಮಾಡಿದ್ವು?"

"ತೂತಿರೋ ಮಾಲು ಆಚೆ ಹೋಗಬಾರದು ತಾಯಿ. ಅದು ಕಸುಬಿನ ಮರ್ಯಾದೆ."

"ನನ್ನ ಕಣ್ಣೂ ತೂತೇ. ಅದಕ್ಕೂ ಬೆಸುಗೆ ಹಾಕ್ತೀರಾ?"

ಅಜ್ಜಿಯ ದನಿ ಏರಲಿಲ್ಲ. ಅವಳದು ನನ್ನಂಥದೇ ಸಿಟ್ಟು, ಕೂತಲ್ಲೇ ಕಾಯುವಂಥದ್ದು. "ಮರ ಕಡಿಯೋ ದಿನ ಇವಳು ಏನಂದ್ಲು ಗೊತ್ತಾ?" ಎಂದು ಸೊಸೆ ನಿಂತಿದ್ದ ಕಡೆಗೆ ಗಲ್ಲ ತಿರುಗಿಸಿದಳು. "ಕೊಂಬೆ ಸವರ್ತಿದಾರೆ ಅತ್ತೆ, ನೀವು ಒಳಗೆ ಕೂತ್ಕೊಳಿ, ಅಂದ್ಲು. ಕೂತೆ. ಕೊಂಬೆ ಸವರಿದ್ರೆ ಸದ್ದು ಮೇಲಿಂದ ಬರುತ್ತೆ. ಇದು ನೆಲದಿಂದ ಬರ್ತಿತ್ತು. ನಾನು ಕೂತಿದ್ದ ಹಲಗೆ ನಡುಗ್ತಿತ್ತು. ಆದ್ರೂ ಕೊಂಬೆ ಅತ್ತೆ, ಕೊಂಬೆ ಅತ್ತೆ."

"ನಿಮಗೆ ನೋವಾಗಬಾರದು ಅಂತ ಅಲ್ವಾ ಅತ್ತೆ" ಎಂದಳು ಸೊಸೆ ಸಣ್ಣಗೆ.

"ನೋವು ನಂದು. ಅದನ್ನೂ ನೀವೇ ಇಟ್ಕೋತೀರಾ?"

ಅಜ್ಜಿಯ ಬೆರಳು ಇನ್ನೂ ನಿಂತಿರಲಿಲ್ಲ. ಅದು ಎಲೆಯ ಬುಡಕ್ಕೆ ಮರಳಿ, ತೊಟ್ಟು ಮೈಗೆ ಕೂಡುವಲ್ಲಿ ತಡವರಿಸಿತು. ಉಗುರಿನಿಂದ ಕೆದಕಿದಳು. ಇನ್ನೊಮ್ಮೆ ಕೆದಕಿದಳು. ಅವಳ ತುಟಿಯ ಒಂದು ಕೊನೆ ಅಲುಗಿತು.

"ಇಲ್ಲೊಬ್ಬ ತಪ್ಪಿಸಿಕೊಂಡಿದಾನೆ."

ನನ್ನ ಬೆರಳನ್ನು ಎಳೆದು ಅಲ್ಲಿಟ್ಟಳು. ಉಗುರಿಗೆ ಮಾತ್ರ ಸಿಗುವಷ್ಟು ಸಣ್ಣ ತೂತು. ಅಂಚು ಒಳಕ್ಕೆ ಬಾಗಿ, ಮೆಲ್ಲಗೆ ಮೇದ ಹಾಗಿತ್ತು. ನಾನು ಎರಕ ಹೊಯ್ದ ವಸ್ತುವಿನಲ್ಲಿ ನನಗೇ ಗೊತ್ತಿಲ್ಲದ ತೂತು.

"ಇದು ಕೂಸು" ಎಂದಳು. "ಇವನನ್ನ ಅವತ್ತು ನಿಂಗೆ ತೋರಿಸಿರ್ಲಿಲ್ಲ. ದೃಷ್ಟಿ ಆಗತ್ತೆ ಅಂತ."

ದಾರ ಕೇಳಿದಳು. ತೊಟ್ಟಿನ ತುದಿಯ ಕೊಂಡಿಗೆ ಕಪ್ಪು ದಾರ ಪೋಣಿಸಿ ಕೊರಳಿಗೆ ಕಟ್ಟಿದೆ. ಚೆನ್ನಾಗಿದೆ ಎಂದು ಅವಳು ಹೇಳಲಿಲ್ಲ, ಇರಲಿ ಬಿಡು ಎಂದೂ ಹೇಳಲಿಲ್ಲ. ಹೆಬ್ಬೆರಳಿನ ಉಗುರನ್ನು ಕೂಸಿನ ಬಾಗಿಲಿಗೆ ಸಿಕ್ಕಿಸಿಕೊಂಡೇ ಎದ್ದಳು. ಸೊಸೆ ತೋಳು ಕೊಡಲು ಬಂದರೆ ಬೇಡವೆಂದು ಕೋಲು ಹಿಡಿದಳು. ಹೊಸ್ತಿಲಲ್ಲಿ ನಿಂತು, "ನೀನು ಹೇಳಿದ್ದು ಒಳ್ಳೇದಾಯ್ತು ಮಗಾ. ಆದ್ರೆ ನನಗಿನ್ನೂ ಸಿಟ್ಟು ಹೋಗಿಲ್ಲ" ಎಂದಳು.

"ನಂದೂ ಹೋಗಿಲ್ಲ ಅಜ್ಜಿ."

"ಇಟ್ಕೊ. ಬೇಗ ಕೊಟ್ಬಿಡಬೇಡ ಯಾರಿಗೂ."

ಕೋಲಿನ ಸದ್ದು ಮೆಟ್ಟಿಲಿಳಿದು ಬೀದಿಗೆ ಸೇರಿತು. ನಾನು ಪಾಲಿಶ್ ಚಕ್ರದ ಹತ್ತಿರ ಹೋಗಿ, ಅದನ್ನು ತಿರುಗಿಸುವ ಪಟ್ಟಿಯನ್ನು ಕಳಚಿ, ಸುರುಳಿ ಸುತ್ತಿ ನನ್ನ ಪೆಟ್ಟಿಗೆಗೆ ಹಾಕಿ ಬೀಗ ಹಾಕಿದೆ. ಅಪ್ಪ ನೋಡುತ್ತಲೇ ಇದ್ದರು, ಬೇಡವೆನ್ನಲಿಲ್ಲ. ಕ್ಷಮೆ ಕೇಳುತ್ತಾರೆಂದು ಒಂದು ಗಳಿಗೆ ಅನ್ನಿಸಿತು. ಕೇಳಿದ್ದರೆ ಏನು ಮಾಡುತ್ತಿದ್ದೆನೋ ಗೊತ್ತಿಲ್ಲ.

ಅಪ್ಪ ಸ್ಟೂಲಿನ ಮೇಲೆ ಕೂತು, ಬಲ್ಬನ್ನೂ ತಮ್ಮ ಖಾಲಿ ಬೆರಳುಗಳನ್ನೂ ನೋಡಿಕೊಂಡರು. ಹುಬ್ಬಿನ ಮೇಲಿನ ಹಳೆಯ ಗುರುತು ಕೆಂಪಗಾಗಿತ್ತು.

"ಗುಬ್ಬಿ" ಎಂದರು. "ನಾನು ಎಲ್ಲಾ ಕಡೆ ಬೆಳಕಿಗೆ ಹಿಡಿದು ನೋಡಿದ್ನಲ್ಲ. ಅದೊಂದು ಎಲ್ಲಿತ್ತು?"

ತೊಟ್ಟಿನ ಬುಡದಲ್ಲಿ, ಅವರು ಬಲ್ಬಿಗೆ ಎತ್ತಿ ಹಿಡಿದಾಗಲೆಲ್ಲ ಅವರದೇ ಹೆಬ್ಬೆರಳಿನ ಕೆಳಗೆ ಇತ್ತು. ಉದ್ಯಾನದಿಂದ ತಂದ ಚೀಲವನ್ನು ಮೇಜಿನ ಮೇಲೆ ಸುರಿದು, ಒಡೆದ ಸಿಪ್ಪೆಗಳನ್ನು ಒಂದು ಕಡೆ, ಒಡೆಯದವನ್ನು ಇನ್ನೊಂದು ಕಡೆ ಮಾಡತೊಡಗಿದೆ.

"ಹೇಳೇ. ಎಲ್ಲಿತ್ತು?"

"ಹೇಳಲ್ಲ" ಎಂದೆ.